ಮೂವತ್ತು ಸನ್ನೆಗಳ ಪಟ

ಮೂಡಗಾಳಿ ಬಂತೆಂದು ನಮ್ಮ ಊರಿನಲ್ಲಿ ಮೊದಲು ಗೊತ್ತಾಗುವುದು ಹಾಲು ಮಾರುವವರಿಗೆ. ಬೆಳಿಗ್ಗೆ ಓಣಿಯ ತುದಿಯಲ್ಲಿ ನಿಂತು ಬಾಯಿ ತೆರೆಯುತ್ತಾರೆ, ಏನೂ ಹೊರಡುವುದಿಲ್ಲ. ಅದಕ್ಕೆ ಅವರು ತಲೆ ಕೆಡಿಸಿಕೊಳ್ಳುವುದಿಲ್ಲ. ಕ್ಯಾನಿನ ಮುಚ್ಚಳ ತೆಗೆದು ಕ್ಯಾನಿಗೇ ಬಡಿಯುತ್ತಾರೆ. ಆ ಸದ್ದಿಗೆ ಮನೆಮನೆಯಲ್ಲಿ ಜನ ಏಳುತ್ತಾರೆ, ಒಮ್ಮೆ ಕೂಗಿ ನೋಡುತ್ತಾರೆ, ಕೂಗು ಬರಲಿಲ್ಲವೆಂದು ಖಾತ್ರಿಯಾದ ಮೇಲೆ ಅಂಗಿಯ ತೋಳು ಮಡಚಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಚಳಿ ಹರಿಯುವವರೆಗೆ ಊರಿಗೆ ಬಾಯಿಲ್ಲ. ನಾಯಿ ಬೊಗಳುತ್ತದೆ, ಕಾಗೆ ಕೂಗುತ್ತದೆ, ರೇಡಿಯೊ ಹಾಡುತ್ತದೆ. ಮನುಷ್ಯರ ಗಂಟಲು ಮಾತ್ರ ಮುಚ್ಚಿರುತ್ತದೆ. ಬಾಣಂತಿಯರು ಕೂಸಿನ ಎರಡೂ ಕಾಲಿಗೆ ಗೆಜ್ಜೆ ಕಟ್ಟಿ ಮಲಗಿಸುತ್ತಾರೆ. ಅತ್ತಾಗ ಕಾಲು ಬಡಿಯದ ಕೂಸು ಎಲ್ಲಿದೆ?

ಹೊರಗಿನವರಿಗೆ ಇದನ್ನು ಹೇಳಿದರೆ ಅಯ್ಯೋ ಪಾಪ ಎನ್ನುತ್ತಾರೆ. ಪಾಪ ಎನ್ನುವಂಥದ್ದೇನೂ ಇಲ್ಲ, ಕೈ ಇವೆಯಲ್ಲ. ನೇಕಾರರ ಓಣಿಯವರು ಒಂದೇ ಕೈಯಲ್ಲಿ ಮಾತಾಡುತ್ತಾರೆ, ಇನ್ನೊಂದು ಮಗ್ಗದ ಮೇಲಿರುತ್ತದೆ. ಗಾಣಿಗರದು ದೊಡ್ಡ ಬೀಸುಗೈ, ಗಾಣದ ಆಚೆ ಇರುವವನಿಗೂ ಕಾಣಬೇಕು. ಬಣ್ಣಗಾರರ ಬೆರಳು ಸದಾ ನೀಲಿ, ಅವರು ಗುಟ್ಟು ಹೇಳಿಕೊಂಡರೆ ಇಡೀ ಸಂತೆ ಓದುತ್ತದೆ. ಈ ಎಲ್ಲ ಕೈಗಳನ್ನು ಓದುವುದು, ಆಡುವುದು, ಅವುಗಳಲ್ಲಿ ಕಥೆ ಕಟ್ಟುವುದು ಕಲಿಸುವ ವಿಷಯಕ್ಕೆ ನಮ್ಮ ಶಾಲೆಯಲ್ಲಿ ಕೈಪಾಠ ಎಂದು ಹೆಸರು. ಒಂದರಿಂದ ಏಳನೆಯ ತರಗತಿಯವರೆಗೆ, ಗಣಿತಕ್ಕೆ ಎಷ್ಟು ಪಿರಿಯಡ್ಡೋ ಇದಕ್ಕೂ ಅಷ್ಟೇ.

ನಾನು ಈ ಊರಿನವಳಲ್ಲ. ಮದುವೆಯಾಗಿ ಬಂದವಳು. ಬಂದ ವರ್ಷವೇ ಗಾಳಿ ಬೀಸಿತು. ಒಂದು ಬೆಳಿಗ್ಗೆ ನನ್ನ ಅತ್ತೆ ನಿಂಬೆವ್ವ ಕಟ್ಟೆಯ ಮೇಲೆ ನಿಂತು, ಓಣಿಯವರೆಲ್ಲ ನೋಡುತ್ತಿರುವಾಗ, ನನ್ನ ಕಡೆ ತಿರುಗಿ ಎರಡೂ ಅಂಗೈ ಮೇಲೆ ಮಾಡಿ ಹಣೆಗೆ ಮುಟ್ಟಿಸಿ, ಬೆರಳುಗಳನ್ನು ಹೂ ಉದುರಿಸುವಂತೆ ನನ್ನ ತಲೆಯ ಮೇಲೆ ಆಡಿಸಿದಳು. ಆಶೀರ್ವಾದ ಎಂದು ತಿಳಿದು ನಾನು ಬಗ್ಗಿ ಕಾಲಿಗೆ ಬಿದ್ದೆ. ಓಣಿಯ ಹೆಗಲುಗಳೆಲ್ಲ ಕುಣಿದವು. ನಗು ಕೇಳಿಸದಿದ್ದರೂ ಹೆಗಲು ಕಾಣುತ್ತದಲ್ಲ. ಅವಳು ಹೇಳಿದ್ದು ಇಷ್ಟು: ಇವಳನ್ನು ಹೆತ್ತವರು ಕೈ ಕೊಟ್ಟು ಕಳಿಸುವುದು ಮರೆತು, ಎರಡು ಸೌಟು ಕಟ್ಟಿ ಕಳಿಸಿದ್ದಾರೆ, ನನ್ನ ಹಣೆಬರಹ. ನನ್ನ ಗಂಡನ ಹೆಗಲೂ ಕುಣಿಯುತ್ತಿತ್ತು.

ಮರುದಿನ ನಾನು ಶಾಲೆಗೆ ಹೋಗಿ ಒಂದನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಕೂತೆ. ಕೈಪಾಠದ ಹುಸೇನಬಿ ಅಕ್ಕೋರು ನನ್ನನ್ನು ಒಮ್ಮೆ ನೋಡಿ, ಮಕ್ಕಳ ಜೊತೆಗೇ ಹಾಜರಿ ಹಾಕಿಕೊಂಡರು. ಒಂದನೆಯದರಲ್ಲಿ ವಸ್ತುಗಳ ಹೆಸರು, ಎರಡನೆಯದರಲ್ಲಿ ಕೇಳುವುದು ಮತ್ತು ಒಲ್ಲೆ ಅನ್ನುವುದು, ಮೂರನೆಯದರಲ್ಲಿ ಕೊಂಕು. ಕೊಂಕು ಕಲಿತ ವಾರವೇ ನಾನು ಕಟ್ಟೆಯ ಮೇಲೆ ನಿಂತು ನಿಂಬೆವ್ವನಿಗೆ ಉತ್ತರ ಕೊಟ್ಟೆ. ಅವಳು ಒಳಗೆ ಹೋಗಿ ಬೆಲ್ಲ ತಂದು ನನ್ನ ಬಾಯಿಗಿಟ್ಟಳು. ಈ ಮನೆಯಲ್ಲಿ ಸೊಸೆಯಾದದ್ದು ಆ ದಿನ. ಅಕ್ಕೋರು ಸಂಜೆ ಬಿಡುವಿನಲ್ಲಿ ಮಿಕ್ಕಿದ್ದನ್ನೂ ಕಲಿಸಿದರು. ಐದನೆಯದರಲ್ಲಿ ಊರಿನ ಕಥೆಗಳಿದ್ದವು. ಕೆರೆ ಒಡೆದ ವರ್ಷ ಯಾರು ಯಾರನ್ನು ಹೊತ್ತು ತಂದರು, ಬರ ಬಂದಾಗ ಮಗ್ಗ ಮಾರಿದವರು ಹಾದಿಯಲ್ಲಿ ಹೇಗೆ ತಿರುಗಿ ನೋಡಿದರು, ಎಲ್ಲ ಕೈಯಲ್ಲೇ. ಇವನ್ನು ಯಾರೂ ಬರೆದಿಟ್ಟಿಲ್ಲ. ಬರೆಯಲು ಹೋದವರು ಇದ್ದಾರೆ, ಅರ್ಧಕ್ಕೆ ಬಿಟ್ಟಿದ್ದಾರೆ. ತಿರುಗಿ ನೋಡುವ ಆ ಮಣಿಕಟ್ಟನ್ನು ಯಾವ ಅಕ್ಷರದಲ್ಲಿ ಬರೆಯುತ್ತೀರಿ? ಏಳನೆಯದರಲ್ಲಿ ಸಮಾಧಾನ ಹೇಳುವುದು. ಅದು ಎಲ್ಲಕ್ಕಿಂತ ಕಷ್ಟದ ಪಾಠ, ದೊಡ್ಡವರೂ ಅದರಲ್ಲಿ ನಪಾಸಾಗುತ್ತಾರೆ.

ನನ್ನ ಮಗಳು ರೇಣು ಎರಡನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಪಠ್ಯ ಸಮಿತಿಯ ಸುದ್ದಿ ಬಂತು. ಕೈಪಾಠ ತೆಗೆದು ಆ ಪಿರಿಯಡ್ಡುಗಳನ್ನು ಉದ್ಯೋಗ ಕೌಶಲಕ್ಕೆ ಕೊಡುತ್ತಾರಂತೆ. ಬದಲಿಗೆ ಪ್ರತಿ ಮಗುವಿಗೂ ಒಂದು ಪಟ. ಶಾಲೆಯ ಗೋಡೆಗೆ ಅದರ ಮಾದರಿ ಅಂಟಿಸಿದ್ದರು. ನೀರು, ಅನ್ನ, ಜ್ವರ, ಬಸ್ಸು, ಬೆಂಕಿ, ಪೊಲೀಸ್, ಹೀಗೆ ಮೂವತ್ತು ಚೌಕ, ಮೂವತ್ತು ಚಿತ್ರ. ಕೆಳಗೆ ‘ಚಳಿಗಾಲದ ಅಗತ್ಯಗಳಿಗೆ ಸಾಕು’ ಎಂದು ಬರೆದಿತ್ತು. ರೇಣು ಪಟದ ಮುಂದೆ ನಿಂತು ಎಲ್ಲ ಚೌಕಗಳ ಮೇಲೂ ಬೆರಳಾಡಿಸಿ, “ಅವ್ವಾ, ಇದರಾಗ ‘ಯಾಕ’ ಎಲ್ಲೈತಿ?” ಎಂದಳು. ಇರಲಿಲ್ಲ. ಬೇಕು ಎನ್ನುವುದಿತ್ತು, ಯಾಕೆ ಎನ್ನುವುದಿರಲಿಲ್ಲ. ಇವಳು ಮುಂದಿನ ವರ್ಷ ಕೊಂಕು ಕಲಿಯಬೇಕಾದವಳು, ಆಮೇಲೆ ಕಥೆ, ಆಮೇಲೆ ಸಮಾಧಾನ. ಚಳಿಗಾಲ ಪೂರ್ತಿ ಅಜ್ಜಿಯ ಎದುರು ಕೂತು ನೀರು, ಅನ್ನ, ಜ್ವರ ಎನ್ನುತ್ತಾ ದೊಡ್ಡವಳಾಗುತ್ತಾಳೆಯೇ? ಸೌಟಿನ ಕೈ ಏನೆಂದು ನಾನು ಬಲ್ಲೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೂ ಅದನ್ನೇ ಕಟ್ಟಲು ಬಿಡುವುದಕ್ಕೆ ನಾನು ತಯಾರಿರಲಿಲ್ಲ.

ನಮ್ಮ ಓದುಕೂಟ ಭಾನುವಾರ ಸೇರುವುದು ದರ್ಜಿ ಅಂಗಡಿಯ ಅಟ್ಟದಲ್ಲಿ. ಪುಸ್ತಕ ಒಂದು, ಓದುವವರು ಸರದಿಯ ಮೇಲೆ, ಜಗಳ ಎಲ್ಲರದು. ಆ ಭಾನುವಾರ ಪುಸ್ತಕ ತೆರೆಯಲೇ ಇಲ್ಲ. ದವಾಖಾನೆಯ ಕಾಂಪೌಂಡರ್ ಕಲ್ಲೇಶಪ್ಪ ಮೊದಲು ಮಾತು ತೆಗೆದ.

“ನೋಡ್ರಿ, ಸರಕಾರದವರಿಗೆ ಉಪಯೋಗದ ಭಾಷಾದಾಗ ಹೇಳಬೇಕು. ಕೈಪಾಠ ಇಲ್ಲಂದ್ರ ಪೇಷಂಟು ನೋವು ಎಲ್ಲೈತಿ ಅಂತ ಹೆಂಗ ಹೇಳ್ತಾನ? ಬೆಂಕಿ ಬಿದ್ರ ಹೆಂಗ ಕರೀತಾರ? ಇದನ್ನ ಇಟ್ಟು ವಾದ ಮಾಡೋಣು. ಗೆದ್ದ ಗೆಲ್ತೀವಿ.”

ಒಪ್ಪಿ ತಲೆಯಾಡಿಸಿದವರು ಬಹಳ ಮಂದಿ. ನಾನೂ ಆಡಿಸಿದ್ದೆ. ಹುಸೇನಬಿ ಅಕ್ಕೋರು ಮೂಲೆಯಲ್ಲಿ ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕೂತಿದ್ದರು.

“ಕಲ್ಲೇಶಪ್ಪ, ನೋವು ಐತಿ ಪಟದಾಗ. ಬೆಂಕಿ ಐತಿ. ನೀ ಕೇಳೂದನ್ನೆಲ್ಲಾ ಅವರು ಆಗ್ಲೇ ಕೊಟ್ಟಾರ. ನಾ ಕಲಸೂದು ಅದರಾಚೆದ್ದು.”

“ಅಕ್ಕೋರ, ಹಂಗಂದ್ರ ಅವರು ಕೇಳಂಗಿಲ್ರಿ. ಆಚೆದ್ದರಿಂದ ಏನು ಲಾಭ ಅಂತಾರ.”

“ಅನ್ಲಿ. ನಿನ್ನ ಹೆಂಡ್ತಿ ಚಳಿಗಾಲದಾಗ ನಿನಗ ದಿನಾ ಏನಂತಾಳೋ, ಅದು ಪಟದಾಗ ಐತೇನು?”

ಅಟ್ಟ ನಕ್ಕಿತು. ಕಲ್ಲೇಶಪ್ಪನೂ ನಕ್ಕ, ಕಿವಿ ಕೆಂಪಾಗಿತ್ತು. ಅಕ್ಕೋರು ನಗಲಿಲ್ಲ.

“ಉಪಯೋಗ ಅಂತ ಒಂದು ಸಲ ಬೇಡಿದ್ರ, ಮುಂದ ಪ್ರತಿ ವರ್ಷ ಉಪಯೋಗ ತೋರಸಬೇಕಾಗತೈತಿ. ಒಂದು ವರ್ಷ ಕೊಂಕು ತೆಗೀರಿ ಅಂತಾರ. ಇನ್ನೊಂದು ವರ್ಷ ಕೆರಿ ಕಥಿ ಯಾಕ ಅಂತಾರ, ಕೆರಿ ಈಗ ಗಟ್ಟಿ ಐತೆಲ್ಲ ಅಂತಾರ. ಕೂಸುಗೋಳಿಗೆ ತಮ್ಮ ಊರಿನ ಕೈ ಬರಬೇಕು, ಯಾಕಂದ್ರ ಅದು ಅವರದು. ಕಾರಣ ಇಷ್ಟ. ಇದಕ್ಕಿಂತ ದೊಡ್ಡ ಕಾರಣ ಹುಡುಕೂದಕ್ಕ ನಾ ಬರಾಂಗಿಲ್ಲ.”

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಓಣಿಗಳಲ್ಲಿ ಹಿಡಿದು ತಿರುಗುವ ಬಟ್ಟೆಯ ಮೇಲೆ ಏನು ಬರೆಯಬೇಕೆಂದು ಮನೆಗೆ ಹೋಗುವ ದಾರಿಯಲ್ಲೇ ತೀರ್ಮಾನಿಸಿದ್ದೆ: ಅದು ನಮ್ಮದು, ಅದಕ್ಕೇ ಬೇಕು. ಕಲ್ಲೇಶಪ್ಪ ಗೊಣಗುತ್ತಲೇ ಬಣ್ಣ ತಂದುಕೊಟ್ಟ. ಮಳೆಗಾಲ ಪೂರ್ತಿ ಓಣಿ ಓಣಿ ತಿರುಗಿದೆವು. ಮಕ್ಕಳಿಗೆ ನೌಕರಿ ಬೇಡವೇನವ್ವ ಎಂದು ಕೇಳಿದವರಿದ್ದರು. ಬೇಕು, ನೌಕರಿಯವನಿಗೆ ಅವ್ವ ಸತ್ತಾಗ ಅಳುವುದೂ ಬೇಕು ಎಂದೆ. ನನ್ನ ಮುಖದ ಮೇಲೇ ಬಾಗಿಲು ಹಾಕಿದವರೂ ಇದ್ದರು. ಅವರ ಕಟ್ಟೆಯ ಮೇಲೆ ಕೂತು ನೀರು ಕುಡಿದು, ಸಂಜೆ ಮತ್ತೆ ಬಾಗಿಲು ಬಡಿದೆವು. ಸಮಿತಿಗೆ ಮನವಿ ಕೊಟ್ಟೆವು. ಸಭೆ ಕರೆದು ಎಲ್ಲರ ಅಹವಾಲು ಕೇಳುತ್ತೇವೆ ಎಂದರು. ಶ್ರಾವಣದಲ್ಲಿ ಕರೆಯುತ್ತೇವೆ ಎಂದರು, ಕರೆಯಲಿಲ್ಲ. ದಸರೆಗೆ ಎಂದರು, ದಸರೆ ಹೋಯಿತು. ಕೊನೆಗೆ ಊರಿನ ಚಾವಡಿಯ ಬಾಗಿಲಿಗೆ ನೋಟಿಸು ಅಂಟಿಸಿದಾಗ ದಿನ ನೋಡಿದೆ. ಚಳಿಗಾಲದ ನಟ್ಟನಡುವೆ. ಆಕ್ಷೇಪವಿದ್ದವರು ಖುದ್ದಾಗಿ ಬಂದು ಸಭೆಯ ಮುಂದೆ ಮಂಡಿಸಬೇಕು, ಲಿಖಿತ ಮನವಿಗಳನ್ನು ಪರಿಗಣಿಸುವುದಿಲ್ಲ.

ಅಂಟಿಸುತ್ತಿದ್ದವನು ಅಡಿವೆಪ್ಪ, ಶಾಲಾ ಮಂಡಳಿಯ ಕಾರ್ಯದರ್ಶಿ. ಇದೇ ಊರಲ್ಲಿ ಹುಟ್ಟಿದವನು, ಹುಸೇನಬಿ ಅಕ್ಕೋರ ಕೈಯಲ್ಲೇ ಕಲಿತವನು.

“ಅಡಿವೆಪ್ಪಣ್ಣ, ಆ ದಿನ ಗಾಳಿ ಇರತೈತಿ ಅನ್ನೂದು ನಿನಗ ಗೊತ್ತಿರಲಿಲ್ಲೇನು?”

“ಗಾಳಿ ನನ್ನ ಕೇಳಿ ಬೀಸತೈತೇನವ್ವ, ಚಂಪವ್ವ?”

“ಸಭಾದ ದಿನ ಗೊತ್ತು ಮಾಡಿದೋರು ನಿನ್ನ ಕೇಳೇ ಮಾಡಿರಬೇಕಲ್ಲ.”

ಅವನು ಅಂಟಿನ ಡಬ್ಬಿ ಎತ್ತಿಕೊಂಡ. “ಬಾಯಿದ್ದೋರು ಬಂದು ಹೇಳಲಿ. ಬಾಯಿಲ್ಲಂದ್ರ ನಾ ಏನು ಮಾಡ್ಲಿ?” ಎಂದು ಹೊರಟುಹೋದ. ಊರವನಾಗಿದ್ದೂ ಕೈಯನ್ನು ಮಾತೆಂದು ಎಣಿಸದ ಈ ಮನುಷ್ಯನಿಗೆ ಏಳು ವರ್ಷ ಕಲಿಸಿದ್ದು ಯಾತಕ್ಕೆ ಬಂತು ಎಂದು ಅಕ್ಕೋರ ಹತ್ತಿರ ಹೋಗಿ ಸಿಟ್ಟಿನಲ್ಲಿ ಕೇಳಿದೆ. “ಎಲ್ಲಾರೂ ಪಾಸಾಗೂದಿಲ್ಲವ್ವ” ಎಂದರು, ಅಷ್ಟೇ.

ಸಭೆಯ ದಿನ ಚಾವಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯ ಸರಳು ಹಿಡಿದು ಹೊರಗೂ ಜನ. ಗಾಳಿ ಬಾಗಿಲ ಸಂದಿಯಲ್ಲಿ ಸಿಳ್ಳೆ ಹಾಕುತ್ತಿತ್ತು. ವೇದಿಕೆಯ ಮೇಲೆ ಸಮಿತಿಯ ಅಧ್ಯಕ್ಷರು, ನಗರದಿಂದ ಬಂದ ವಿಶ್ವಂಭರ ಸಾಹೇಬರು, ಮಫ್ಲರ್ ಸುತ್ತಿಕೊಂಡು ಕೂತಿದ್ದರು. ಊರ ಗಡಿ ದಾಟಿದ ಮೇಲೆ ಅವರ ಗಂಟಲೂ ಮುಚ್ಚಿತ್ತು. ಈ ಗಾಳಿಗೆ ಹುದ್ದೆ ಗೊತ್ತಾಗುವುದಿಲ್ಲ. ಹಾಗಿದ್ದರೆ ಸಭೆ ಹೇಗೆ ನಡೆಸುತ್ತಾರೆಂದು ನಾವೆಲ್ಲ ಕಾಯುತ್ತಿರುವಾಗ ಅಡಿವೆಪ್ಪ ಮೇಜಿನ ಮೇಲೆ ಒಂದು ಟೇಪ್ ರೆಕಾರ್ಡರ್ ಇಟ್ಟು ಗುಂಡಿ ಒತ್ತಿದ.

ಸಾಹೇಬರು ತಮ್ಮ ಮಾತನ್ನು ನಗರದಲ್ಲೇ ರೆಕಾರ್ಡ್ ಮಾಡಿಸಿಕೊಂಡು ತಂದಿದ್ದರು. ಯಂತ್ರದಿಂದ ಅವರ ದನಿ ಗಟ್ಟಿಯಾಗಿ, ಸ್ಪಷ್ಟವಾಗಿ ಬಂತು. ಎದುರು ಅವರೇ ತುಟಿ ಮುಚ್ಚಿ ಕೂತು ತಮ್ಮ ಮಾತಿಗೆ ತಾವೇ ತಲೆಯಾಡಿಸುತ್ತಿದ್ದರು. “ಪರಂಪರೆಯ ಬಗ್ಗೆ ಸಮಿತಿಗೆ ಅಪಾರ ಗೌರವವಿದೆ,” ಎಂದಿತು ಟೇಪು. “ಆದರೆ ಕಾಲ ಬದಲಾಗಿದೆ. ಮಕ್ಕಳ ಸಮಯ ಅಮೂಲ್ಯ. ಈ ಸಭೆಯಲ್ಲಿ ತೀರ್ಮಾನ ಓದಿದ ಗಳಿಗೆಯಿಂದ ಹೊಸ ಪಠ್ಯಕ್ರಮ ಜಾರಿಗೆ ಬರುತ್ತದೆ. ಅದಕ್ಕೆ ಮೊದಲು, ಆಕ್ಷೇಪವಿದ್ದವರು ಒಬ್ಬೊಬ್ಬರಾಗಿ ಬಂದು ಮಂಡಿಸಬಹುದು. ಕೊನೆಯವರದು ಮುಗಿಯುವವರೆಗೆ ಸಮಿತಿ ತಾಳ್ಮೆಯಿಂದ ಕೇಳುತ್ತದೆ.”

ಟೇಪು ಸುಮ್ಮನಾಯಿತು. ಚಾವಡಿಯಲ್ಲಿ ಇದ್ದಬದ್ದ ಕೈಗಳೆಲ್ಲ ಎದ್ದವು. ನಾನು ಎರಡನೆಯ ಸಾಲಿನಲ್ಲಿದ್ದೆ, ಹುಸೇನಬಿ ಅಕ್ಕೋರು ನನ್ನ ಮುಂದೆ. ಅವರು ಇನ್ನೂ ಸೆರಗು ಸರಿಮಾಡಿಕೊಂಡು ಏಳುತ್ತಿದ್ದರು. ಅಷ್ಟರಲ್ಲಿ ಟೇಪು ಗಂಟಲು ಸರಿಮಾಡಿಕೊಂಡಿತು.

“ಯಾರಿಂದಲೂ ಆಕ್ಷೇಪ ಬಾರದ ಕಾರಣ...”

ಅದನ್ನೂ ನಗರದಲ್ಲೇ ರೆಕಾರ್ಡ್ ಮಾಡಿದ್ದರು. ಎಷ್ಟೋ ದಿನ ಮೊದಲು ಯಾವುದೋ ಕೋಣೆಯಲ್ಲಿ ಕೂತು, ನಮ್ಮ ಮುಖ ನೋಡುವುದಕ್ಕೂ ಮುಂಚೆ, ನಾವು ಏನೂ ಹೇಳಲಿಲ್ಲವೆಂದು ಹೇಳಿಟ್ಟಿದ್ದರು. ಮುಂದಿನ ಬೆಂಚು ಹೇಗೆ ದಾಟಿದೆನೋ ಗೊತ್ತಿಲ್ಲ, ಯಾರದೋ ಕಾಲು ತುಳಿದೆ, ವೇದಿಕೆ ಹತ್ತಿ ಟೇಪಿನ ಗುಂಡಿಯನ್ನು ಅಂಗೈಯಿಂದ ಬಡಿದೆ. ದನಿ ಅರ್ಧಕ್ಕೆ ತುಂಡಾಯಿತು. ಆಮೇಲೆ ಗಾಳಿಯ ಸಿಳ್ಳೆ ಒಂದೇ.

ಅಡಿವೆಪ್ಪ ಓಡಿಬಂದ. ನಾನು ಯಂತ್ರದ ಮೇಲೆ ಕೈಯಿಟ್ಟು ನಿಂತೆ. ನನ್ನ ಎಡಕ್ಕೆ ಗಾಣಿಗರ ಓಣಿಯ ಹೆಂಗಸರು, ಬಲಕ್ಕೆ ಬಣ್ಣಗಾರರ ಹೆಂಗಸರು ಬಂದು ಮೇಜಿನ ಸುತ್ತ ಕೂತುಬಿಟ್ಟರು. ಅಡಿವೆಪ್ಪನ ಕೈ ಎತ್ತಿದ್ದು ಹಾಗೇ ನಿಂತಿತು. ಅಕ್ಕೋರು ಮೆಟ್ಟಿಲು ಹತ್ತಿ ಬಂದು ಅವನ ಎದುರು ನಿಂತರು. ಎರಡೂ ಕೈ ಎದೆಯ ಮುಂದೆ ತಂದು, ನಿಧಾನವಾಗಿ, ಒಂದನೆಯ ತರಗತಿಯವರಿಗೆ ಹೇಳುವಂತೆ ಹೇಳಿದರು: ಒಬ್ಬೊಬ್ಬರಾಗಿ ಎಂದಿದ್ದೀರಿ. ಕೊನೆಯವರವರೆಗೆ ಎಂದಿದ್ದೀರಿ. ಕೂತು ಕೇಳು. ಅಡಿವೆಪ್ಪ ಕೂತ. ಶಾಲೆಯಲ್ಲಿ ಎಷ್ಟು ಸಲ ಕೂತಿದ್ದನೋ, ಕಾಲಿಗೆ ಅಭ್ಯಾಸವಿತ್ತು.

ಆಕ್ಷೇಪಗಳು ಶುರುವಾದವು. ನೇಕಾರರ ಓಣಿಯ ಮುದುಕರೊಬ್ಬರು ಬಂದು ಒಂದೇ ಕೈಯಲ್ಲಿ, ಮಗ್ಗ ಮಾರಿ ಊರು ಬಿಟ್ಟವರ ಕಥೆ ಪೂರ್ತಿ ಹೇಳಿದರು. ಅವರ ಇನ್ನೊಂದು ಕೈ, ಅಲ್ಲಿ ಇಲ್ಲದ ಮಗ್ಗವನ್ನು ಹಿಡಿದೇ ಇತ್ತು. ಬಸ್ಸಿನ ಕಂಡಕ್ಟರ್ ಬಂದು, ಚಳಿಗಾಲದಲ್ಲಿ ಪ್ರಯಾಣಿಕರು ತನ್ನನ್ನು ಬೈಯುವ ಬಗೆಗಳನ್ನು ಒಂದಾದಮೇಲೊಂದು ಮಾಡಿ ತೋರಿಸಿ, ಇಷ್ಟು ಚೆಂದ ಬೈಸಿಕೊಳ್ಳುವ ಭಾಗ್ಯ ಬೇರೆ ಯಾವ ರೂಟಿನಲ್ಲೂ ಇಲ್ಲ ಎಂದ. ಕಲ್ಲೇಶಪ್ಪ ಬಂದ. ಉಪಯೋಗದ ಮಾತು ಹೇಳುತ್ತಾನೆಂದು ನಾನು ಕಾದೆ. ಅವನು ದವಾಖಾನೆಯ ಮಾತೇ ಎತ್ತಲಿಲ್ಲ. ಚಳಿಗಾಲದಲ್ಲಿ ತೀರಿಕೊಂಡ ತಮ್ಮನಿಗೆ ತಾನು ಕೊನೆಗೆ ಹೇಳಿದ್ದನ್ನು ಅಲ್ಲಿ ನಿಂತು ಇನ್ನೊಮ್ಮೆ ಹೇಳಿದ. ಬೆರಳ ತುದಿಗಳು ಮಾತ್ರ ಅಲುಗಿದವು. ಕಿಟಕಿಯಲ್ಲಿದ್ದವರು ಸರಳು ಬಿಟ್ಟು ತಲೆ ತಗ್ಗಿಸಿದರು.

ವಿಶ್ವಂಭರ ಸಾಹೇಬರು ಚಡಪಡಿಸುತ್ತಿದ್ದರು. ಏನೋ ಹೇಳಬೇಕೆನಿಸಿತ್ತು ಅವರಿಗೆ, ಒಳ್ಳೆಯದೇ ಇರಬಹುದು. ಚೀಲದಿಂದ ತಮ್ಮದೇ ಪಟ ತೆಗೆದು ಬಿಡಿಸಿದರು. ಬೆರಳು ಚೌಕದಿಂದ ಚೌಕಕ್ಕೆ ಓಡಾಡಿತು. ಕೊನೆಗೆ ಕಲ್ಲೇಶಪ್ಪನ ಕಡೆ ನೋಡುತ್ತಾ ‘ನೀರು’ ಎಂಬುದನ್ನು ಮುಟ್ಟಿದರು. ಯಾರೋ ಹೋಗಿ ನೀರು ತಂದುಕೊಟ್ಟರು. ಅವರು ತಲೆ ಅಲ್ಲಾಡಿಸಿ ‘ಜ್ವರ’ ಮುಟ್ಟಿದರು. ಕಲ್ಲೇಶಪ್ಪ ಎದ್ದು ಬಂದು ಅವರ ಹಣೆ ಮುಟ್ಟಿ ನೋಡಿದ. ಊರಿನ ಹೆಗಲುಗಳು ಕುಣಿಯಲು ಶುರುಮಾಡಿದ್ದವು. ಸಾಹೇಬರ ಕಣ್ಣಲ್ಲಿ ನೀರು ನಿಂತಿದ್ದನ್ನು ನಾನು ಹತ್ತಿರದಿಂದ ಕಂಡೆ. ನಗಲಿಲ್ಲ. ಕರುಣೆಯೂ ಬರಲಿಲ್ಲ. ಈ ಮನುಷ್ಯ ಈಗ ನಿಂತಿರುವ ಕಡೆ ನನ್ನ ಮಗಳನ್ನು ನಿಲ್ಲಿಸಲು ಬಂದವನು. ಹೊತ್ತು ಇಳಿಯುವಾಗ ಅವರು ‘ಬಸ್ಸು’ ಎಂಬ ಚೌಕ ತೋರಿಸಿದರು. ಅದು ಎಲ್ಲರಿಗೂ ಅರ್ಥವಾಯಿತು. ಪಟ ಒಂದು ಸಲ ಉಪಯೋಗಕ್ಕೆ ಬಂತು. ಕಂಡಕ್ಟರ್ ತನ್ನ ಬಸ್ಸಿನಲ್ಲೇ ಕೂರಿಸಿ ಕಳಿಸಿದ.

ಜನರನ್ನು ಚದುರಿಸಲು ಪೊಲೀಸರು ಬಂದರು. ಇಬ್ಬರೂ ನಮ್ಮ ಊರಿನವರೇ. ಸಾಲು ಎಲ್ಲಿ ಮುಗಿಯುತ್ತದೆ ಎಂದು ಕೇಳಿ, ಟೋಪಿ ತೆಗೆದು ಅದರ ಕೊನೆಯಲ್ಲಿ ನಿಂತರು. ಮಾರನೆಯ ದಿನವೂ ಸಾಲಿತ್ತು. ಅದರ ಮಾರನೆಯ ದಿನ ಹಳ್ಳಿಗಳಿಂದ ಎತ್ತಿನ ಗಾಡಿ ಬಂದವು. ಹೇಳಿ ಮುಗಿಸಿದವರು ಮನೆಗೆ ಹೋಗಿ, ಮರೆತದ್ದು ನೆನಪಾಗಿ, ಮತ್ತೆ ಬಂದು ನಿಲ್ಲುತ್ತಿದ್ದರು. ನಿಂಬೆವ್ವ ಬಂದಳು. ಬೈಗುಳಕ್ಕೆ ಕಾದು ಕೂತಿದ್ದ ಜನರಿಗೆ ನಿರಾಸೆ ಮಾಡಿ, ತನ್ನ ತಾಯಿ ತನ್ನನ್ನು ಮದುವೆ ಮಾಡಿ ಕಳಿಸುವಾಗ ಆಡಿದ ಒಂದೇ ಒಂದು ಕೈ ಆಡಿ, ಇಳಿದುಹೋದಳು. ಅದರ ಅರ್ಥ ಇಲ್ಲಿ ಬರೆಯುವುದಿಲ್ಲ. ಬೇಕಾದವರು ಚಳಿಗಾಲದಲ್ಲಿ ಬಂದು ಅವಳನ್ನೇ ಕೇಳಬಹುದು, ಮನಸ್ಸು ಬಂದರೆ ತೋರಿಸುತ್ತಾಳೆ.

ಶಾಲೆ ಎಂದಿನಂತೆ ನಡೆಯಿತು. ತೀರ್ಮಾನ ಓದುವವರೆಗೆ ಹಳೆಯ ಪಠ್ಯವೇ. ಉದ್ಯೋಗ ಕೌಶಲ ಕಲಿಸಲು ಬಂದಿದ್ದ ಹೊಸ ಮಾಸ್ತರರು ಕೆಲಸವಿಲ್ಲದೆ ಕೈಪಾಠದ ತರಗತಿಯಲ್ಲಿ ಬಂದು ಕೂತರು, ಈಗ ಪರವಾಗಿಲ್ಲ, ಕೇಳುವುದು ಮತ್ತು ಒಲ್ಲೆ ಅನ್ನುವುದು ಬರುತ್ತದೆ. ರೇಣು ಕೊಂಕು ಕಲಿತಳು. ಮೊದಲ ಪ್ರಯೋಗ ನನ್ನ ಮೇಲೇ ಆಯಿತು, ನನ್ನ ಸಾರಿನ ಬಗ್ಗೆ. ಅವಳ ಅಜ್ಜಿ ಬಾಗಿಲಲ್ಲಿ ನಿಂತು, ಮಣಿಕಟ್ಟು ಇನ್ನೂ ಸಡಿಲ ಬಿಡಬೇಕು ಎಂದು ತಿದ್ದಿದಳು.

ಚಳಿ ಹರಿದು ಗಾಳಿ ತಿರುಗಿತು. ಒಂದು ಮಧ್ಯಾಹ್ನ ಊರಿಗೆ ಬಾಯಿ ಬಂತು. ಚಾವಡಿಯಲ್ಲಿ ಆಗ ಸಾಲು ಇನ್ನೂ ಇತ್ತು. ಬಣ್ಣಗಾರರ ಹುಡುಗಿಯೊಬ್ಬಳು ಹೇಳುತ್ತಿದ್ದವಳು, ಬಾಯಿ ಬಂದರೂ ಲೆಕ್ಕಿಸದೆ, ಶುರುಮಾಡಿದ್ದನ್ನು ನೀಲಿ ಬೆರಳಿನಲ್ಲೇ ಮುಗಿಸಿದಳು. ನಾನು ಮೇಜಿನ ಹತ್ತಿರ ಟೇಪಿಗೆ ಬೆನ್ನು ಕೊಟ್ಟು ಅವರೆಕಾಳು ಸುಲಿಯುತ್ತಾ ಕೂತಿದ್ದೆ. ಯಾರೂ ಗುಂಡಿ ಒತ್ತದಂತೆ ಟೇಪು ಕಾಯಲು ನಮ್ಮಲ್ಲಿ ಪಾಳಿ ಇತ್ತು, ಆ ವಾರ ನನ್ನದು. ಅಡಿವೆಪ್ಪ ಬಾಗಿಲಲ್ಲಿ ಕಾಣಿಸಿಕೊಂಡ. ಬಹಳ ದಿನ ಮಾತಾಡದ ಗಂಟಲು, ಮೊದಲ ಮಾತು ಒಡೆದು ಬಂತು.

“ಚಂಪವ್ವ, ನಗರದಿಂದ ಕೇಳಾಕತ್ತಾರ. ಸಭಾ ಮುಗೀತೇನು ಅಂತ.”

“ಸಾಲು ಕಾಣಾಕತ್ತಿಲ್ಲೇನು?”

“ಸಾಲು ಕಾಣತೈತಿ. ಇವರೆಲ್ಲಾ ಎರಡೆರಡು ಸಲ ಹೇಳ್ಯಾರ.”

“ಎರಡನೇ ಸಲಾ ಬ್ಯಾರೆ ಹೇಳ್ಯಾರ. ಸಮಿತಿಗೆ ಬಾಳ ತಾಳ್ಮಿ ಐತಿ ಅಂತ ನಿಮ್ಮ ಸಾಹೇಬ್ರ ಅಂದಾರ.”

ಅವನು ಒಳಗೆ ಬಂದು ಬೆಂಚಿನ ತುದಿಯಲ್ಲಿ ಕೂತ. ಒಂದು ಹಿಡಿ ಕಾಯಿ ಎತ್ತಿಕೊಂಡು ತಾನೂ ಸುಲಿಯತೊಡಗಿದ.

“ನನ್ನ ನೌಕರಿ ಹೋಗತೈತಿ, ತಂಗಿ,” ಎಂದ ಮೆಲ್ಲಗೆ. “ಇಷ್ಟು ದಿನ ಇಲ್ಲೇ ಕಾವಲು ಕುಂತೀಯಲ್ಲ, ನಿನ್ನ ಆಕ್ಷೇಪ ಆದ್ರೂ ಮುಗೀತೇನು?”

“ಇಲ್ಲಣ್ಣ,” ಎಂದೆ. “ನಾ ಇನ್ನೂ ಸುರೂನ ಮಾಡಿಲ್ಲ.”